ಎ, ಬಿ, ಸಿ ಮತ್ತು ನಮ್ಮ ಚಿಕ್ಕಜಾಜೂರು

ಬೆಂಗಳೂರಿಂದ ಹುಬ್ಬಳ್ಳಿ ಕಡೆ ರೈಲಲ್ಲಿ ಹೋಗುವಾಗ ಹಳದಿ ಬೋರ್ಡುಗಳ ಮೇಲಿನ ಇಂಗ್ಲಿಷ್ ಹೆಸರು ನೋಡ್ತಾ ಹೋಗಿ. ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ. ಎ, ಬಿ, ಸಿ, ಡಿ! ರಜೆಗೆ ಊರಿಗೆ ಹೊರಟಿದ್ದ ನಾವು ಮೂವರು ಇದನ್ನ ಕಂಡುಹಿಡಿದು ಸಿಕ್ಕಾಪಟ್ಟೆ ಖುಷಿಪಟ್ವಿ. ಯಾಕಂದ್ರೆ ಕೈಯಲ್ಲಿದ್ದದ್ದು ಅಗಾಥಾ ಕ್ರಿಸ್ಟಿಯ ‘ದಿ ಎಬಿಸಿ ಮರ್ಡರ್ಸ್’.

ಇದು 1936ರ ಕಾದಂಬರಿ. ಇದರ ಪತ್ತೇದಾರ ಪೊಯ್ರೊ 1920ರಿಂದ 1975ರವರೆಗೆ ಕ್ರಿಸ್ಟಿಯ 33 ಕಾದಂಬರಿಗಳಲ್ಲಿ ಬರ್ತಾನೆ. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದಿದ್ದ ಅಜ್ಜಂದಿರಿಗೆ ಇಂಥ ಸರಣಿಯ ರುಚಿ ಗೊತ್ತು. ಇಂಗ್ಲಿಷ್ ಮೀಡಿಯಂನ ನಾವು ಪುರುಷೋತ್ತಮನ ಹೆಸರು ಕೇಳಿದ್ದೇ ಅಜ್ಜನ ಬಾಯಲ್ಲಿ.

ಕತೆ ಹೀಗಿದೆ. ಇಂಥ ಊರಲ್ಲಿ ಇಂಥ ದಿನ ನೋಡ್ಕೋ ಅಂತ ಪೊಯ್ರೊಗೆ ಕಾಗದ ಬರುತ್ತೆ. ಆಂಡೋವರ್‌ನಲ್ಲಿ ಆಲಿಸ್ ಆಷರ್, ಬೆಕ್ಸ್‌ಹಿಲ್‌ನಲ್ಲಿ ಬೆಟ್ಟಿ ಬರ್ನಾರ್ಡ್, ಚರ್ಸ್ಟನ್‌ನಲ್ಲಿ ಸರ್ ಕಾರ್ಮೈಕೆಲ್ ಕ್ಲಾರ್ಕ್ ಕೊಲೆಯಾಗ್ತಾರೆ. ಪ್ರತಿ ಹೆಣದ ಪಕ್ಕ ಒಂದು ಎಬಿಸಿ ರೈಲ್ವೆ ಗೈಡ್, ಅಂದ್ರೆ ಸ್ಟೇಷನ್‌ಗಳನ್ನ ಅಕ್ಷರಕ್ರಮದಲ್ಲಿ ಕೊಡುವ ವೇಳಾಪಟ್ಟಿ. ಸಾಕಲ್ಲ? ಯಾವನೋ ತಲೆಕೆಟ್ಟ ಸರಣಿ ಕೊಲೆಗಾರ ಅಂತ ನಾವು ಬೀರೂರು ದಾಟೋ ಮೊದಲೇ ತೀರ್ಪು ಕೊಟ್ವಿ. ನಡುನಡುವೆ ಬರುವ ಅಲೆಕ್ಸಾಂಡರ್ ಬೋನಪಾರ್ಟ್ ಕಸ್ಟ್ ಅನ್ನೋ ಕಾಲುಚೀಲ ಮಾರುವವನ ಮೇಲೇ ಗುಮಾನಿ. ಅವನ ಇನಿಷಿಯಲ್ಲೂ ಎ.ಬಿ.ಸಿ.!

ಪುಸ್ತಕ ಓದದವರು ಇಲ್ಲಿಗೆ ನಿಲ್ಲಿಸಿ, ಓದಿ ಬನ್ನಿ.

ಮೂರನೇ ಕಾಗದದ ಮೇಲೆ ವಿಳಾಸ ತಪ್ಪಿತ್ತು, ಅದು ತಡವಾಗಿ ಬಂತು. ಏನೋ ಕೈತಪ್ಪು ಅಂತ ನಾವು ಪುಟ ತಿರುಗಿಸಿದ್ವಿ. ಆದ್ರೆ ಕೊಲೆಗಾರ ಪೊಲೀಸರನ್ನ ಬಿಟ್ಟು ಖಾಸಗಿ ಪತ್ತೇದಾರನಿಗೆ ಬರೆದದ್ದು ಯಾಕೆ? ಸ್ಕಾಟ್ಲೆಂಡ್ ಯಾರ್ಡ್‌ಗೆ ಬರೆದ ಕಾಗದ ದಾರಿ ತಪ್ಪೋದಿಲ್ಲ, ಒಬ್ಬನ ಮನೆಗೆ ಬರೆದದ್ದು ತಪ್ಪಬಹುದು. ಅವನಿಗೆ ಬೇಕಿದ್ದ ಕೊಲೆ ಆ ಮೂರನೆಯದೊಂದೇ, ಆಸ್ತಿಗಾಗಿ. ಉಳಿದವು ಅದನ್ನ ಮುಚ್ಚೋಕೆ. ನಾಲ್ಕನೇ ಊರು ಡಾಂಕಾಸ್ಟರ್‌ನಲ್ಲಿ ಸತ್ತವನ ಹೆಸರು ‘ಡಿ’ಯಿಂದ ಶುರುವಾಗಲ್ಲ, ‘ಇ’ಯಿಂದ. ಅದನ್ನೂ ನಾವು ‘ಕತ್ತಲಲ್ಲಿ ಆಳು ತಪ್ಪಿರಬೇಕು’ ಅಂತ ಬಿಟ್ಟೆವು.

ಹಾಗೆ ನೋಡಿದ್ರೆ ನಮ್ಮ ಎ, ಬಿ, ಸಿ, ಡಿ ಕೂಡ ಮೋಸದ್ದೇ. ಅರಸೀಕೆರೆ ಆದ್ಮೇಲೆ ಕಡೂರು ಬರುತ್ತೆ, ಬೀರೂರು ಆದ್ಮೇಲೆ ಹೊಸದುರ್ಗ ರೋಡ್ ಬರುತ್ತೆ. ಬೇಕಂತಲೇ ಬಿಟ್ಟಿದ್ವಿ. ಲ್ಯಾಬ್‌ನಲ್ಲಿ ಗ್ರಾಫ್ ಗೆರೆ ನೇರವಾಗಿ ಬರಲಿ ಅಂತ ಒಂದು ರೀಡಿಂಗ್ ರಬ್ಬರ್‌ನಲ್ಲಿ ಉಜ್ಜಿದ ಹಾಗೆ. (ಉಜ್ಜಿಲ್ಲ ಅನ್ನೋರು ಕೈ ಎತ್ತಿ.)

ಬೇಜಾರಾದದ್ದು ಕಸ್ಟ್‌ನ ವಿಷಯಕ್ಕೆ. ಯುದ್ಧದಿಂದ ಬಂದವನು, ತಲೆನೋವು, ಮರೆವು, ಕೆಲಸ ಇಲ್ಲ. ಅವನಿಗೆ ಕಾಲುಚೀಲ ಮಾರೋ ಕೆಲಸ ಕೊಟ್ಟು ಊರೂರಿಗೆ ಕಳಿಸಿದವನೂ ಅದೇ ಕೊಲೆಗಾರ. ಕೊನೆಗೆ ಆ ಬಡಪಾಯಿ ತಾನೇ ಕೊಂದಿರಬೇಕು ಅಂತ ನಂಬಿಬಿಡ್ತಾನೆ. ಬೋಗಿಯಲ್ಲಿ ಕೂತ ನಾವೂ ಹಾಗೇ ನಂಬಿದ್ವಿ, ಅದೂ ಎಷ್ಟು ಸಲೀಸಾಗಿ! ಇನ್ನು ಆಲಿಸ್ ಆಷರ್: ಬೀಡಿ ಸಿಗರೇಟು, ಪೇಪರ್ ಮಾರ್ಕೊಂಡು, ಕುಡುಕ ಗಂಡನನ್ನ ಸಂಭಾಳಿಸಿದ ಮುದುಕಿ. ಸತ್ತದ್ದು ಹೆಸರಿನ ಮೊದಲಕ್ಷರಕ್ಕೆ. ನಮಗೂ ಅವಳು ‘ಎ’ ಅಷ್ಟೇ ಆಗಿದ್ದಳು.

ಚಿಕ್ಕಜಾಜೂರಲ್ಲಿ ಇಳಿದ್ವಿ. ನಮ್ಮಲ್ಲೊಬ್ಬ ಚಿತ್ರದುರ್ಗದವನು, ಅವನಿಗೆ ಅಲ್ಲಿಂದ ರಾಯದುರ್ಗ, ಬಳ್ಳಾರಿ ಲೈನಿನ ಬೇರೆ ಗಾಡಿ. ಅದು ಬರೋವರೆಗೆ ಅವನು ಕಲ್ಲುಬೆಂಚಿನ ಮೇಲೆ ಕೂತು ಆಂಡೋವರ್ ಅಧ್ಯಾಯವನ್ನ ಮತ್ತೆ ಮೊದಲಿಂದ ಓದೋಕೆ ಶುರುಮಾಡಿದ.