ಹಳೇ ಸೀರೆಯ ಕಾಂಥಾ

ಧಾರವಾಡ ಸೀಮೆಯ ಮನೆಗಳಲ್ಲಿ ಹಳೇ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವದನ್ನು ನೀವು ಬಲ್ಲಿರಿ. ಬಂಗಾಳದ ಸ್ತ್ರೀಯರು ಹಳೇ ಬಟ್ಟೆಯಿಂದಲೇ ಹೊಲಿಯುವ ಹೊದಿಕೆಗೆ ಕಾಂಥಾ ಎಂದು ಹೆಸರು. ಚಿತ್ರಗಳುಳ್ಳದ್ದನ್ನು ನಕ್ಷಿ ಕಾಂಥಾ ಎನ್ನುವರು. ಹಿಂದೂಗಳೂ ಮುಸಲ್ಮಾನರೂ ಇದನ್ನು ಹೊಲಿಯುತ್ತಾರೆ.

ಅದರ ಕ್ರಮವೇನಂದರೆ: ಉಟ್ಟು ಸವೆದ ಸೀರೆ ಧೋತರಗಳನ್ನು ಒಗೆದು, ಪದರ ಪದರವಾಗಿ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅವು ಜಾರದ ಹಾಗೆ ಮೊದಲು ದೂರ ದೂರವಾಗಿ ಹೊಲಿಯುವರು. ಆ ಮೇಲೆ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುವ ಸಾದಾ ಹೊಲಿಗೆಯಿಂದ ನಡುವೆ ತಾವರೆಯನ್ನೂ ಮೂಲೆಗಳಲ್ಲಿ ಗಿಡಗಳನ್ನೂ ಮೂಡಿಸುವರು. ಪೂರ್ವದಲ್ಲಿ ಬಣ್ಣದ ನೂಲನ್ನು ಸೀರೆಯ ಅಂಚಿನಿಂದಲೇ ಬಿಡಿಸಿಕೊಳ್ಳುತ್ತಿದ್ದರು. ಉಳಿದ ಬಯಲನ್ನೆಲ್ಲಾ ಸಣ್ಣ ಹೊಲಿಗೆಯಿಂದ ತುಂಬಿದಾಗ ಬಟ್ಟೆಯು ನೀರಿನ ತೆರೆಗಳಂತೆ ಕಾಣುವದು.

ಹಳೇ ಬಟ್ಟೆ ಯಾಕೆ? ಬಡತನವೊಂದೇ ಕಾರಣವಲ್ಲ. ಸವೆದ ಅರಿವೆಯು ಮೆತ್ತಗಿರುವದರಿಂದ ಕೂಸಿನ ಮೈಗೆ ಹಿತವಾಗುವದು. ಒಂಟಿಯಾಗಿ ಎಳೆದರೆ ಹರಿಯುವ ಪದರಗಳು ಹೊಲಿಗೆಯಿಂದ ಕೂಡಿದ ಮೇಲೆ ಅನೇಕ ವರುಷ ಬಾಳುವವು.

1971ರ ಯುದ್ಧದ ತರುವಾಯ ಬಾಂಗ್ಲಾದೇಶದಲ್ಲಿ ಈ ಕೆಲಸವು ಅನೇಕ ಬಡ ಸ್ತ್ರೀಯರಿಗೆ ಜೀವನೋಪಾಯವಾಯಿತು. ಮಾರಾಟದ ಕಾಂಥಾಗಳಿಗೆ ಈಗ ಬಹುಮಟ್ಟಿಗೆ ಹೊಸ ಬಟ್ಟೆಯನ್ನೇ ಬಳಸುತ್ತಾರೆ. ಆದರೆ ಕೈಯ ಶ್ರಮವು ಕಡಿಮೆಯಾಗಲಿಲ್ಲ. ದೊಡ್ಡದೊಂದಕ್ಕೆ ತಿಂಗಳುಗಟ್ಟಲೆ ದುಡಿಯಬೇಕು. ಮನೆಯವರಿಗಾಗಿ ಹೊಲಿದಾಗ ಆ ದುಡಿಮೆಗೆ ಲೆಕ್ಕವಿರಲಿಲ್ಲ, ಮಾರುವಾಗಲಾದರೋ ಲೆಕ್ಕವಿರಲೇಬೇಕು. ಇದು ಹೆಂಗಸರ ಬಿಡುವಿನ ಕೆಲಸವಷ್ಟೇ ಎಂದು ಬೆಲೆ ಇಳಿಸುವವನು ಹೊಲಿದವಳ ಕೂಲಿಯನ್ನೇ ಕಸಿದುಕೊಳ್ಳುತ್ತಾನೆ.

ವಿಚಾರಣೆಗಾಗಿ: ನಿಮ್ಮ ಮನೆಯ ಕೌದಿಯನ್ನು ಹೊಲಿದವರು ಯಾರು? ಅದಕ್ಕೆ ಎಷ್ಟು ದಿವಸ ಹಿಡಿಯಿತು?