ಮಿದುಳಿನ ಗಂಟು, ಮೈಯ ಕೋಪ

ಪ್ರಶ್ನೆ: ನಾವು ಆವನಿಯವರು, ಮಾಂಸ ಮುಟ್ಟದ ಮನೆತನ. ಹದಿಮೂರರ ಮಗನಿಗೆ ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದಾಗ, ಮಿದುಳಿನಲ್ಲಿ ಹಂದಿಯ ಲಾಡಿಹುಳುವಿನ ಗಂಟೊಂದಿದೆ ಎಂದರು. ಇದು ನಮಗೆಲ್ಲಿಂದ ಬಂತು? ಹುಳುವಿರುವಾಗ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟಿರಾಯ್ಡ್ ಏಕೆ?

ಉತ್ತರ: ಅರೆಬೆಂದ ಹಂದಿಮಾಂಸ ತಿಂದವರ ಕರುಳಿನಲ್ಲಿ ಬೆಳೆಯುವುದು ಲಾಡಿಹುಳು, ಮಿದುಳಿನ ಗಂಟಾದರೋ, ಅಂತಹ ಹುಳುವನ್ನು ಹೊತ್ತ ಮನುಷ್ಯನ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ತೊಳೆಯದ ಕೈ, ಹಸಿ ತರಕಾರಿ, ಅಶುದ್ಧ ನೀರುಗಳ ಮೂಲಕ ಬಾಯಿಯನ್ನು ಹೊಕ್ಕುದರಿಂದ ಉಂಟಾಗತಕ್ಕದ್ದು. ಆದಕಾರಣ ನಿಮ್ಮ ಆಚಾರದಲ್ಲಿ ಲೋಪವಾಯಿತೆಂದು ಕೊರಗಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಬಹಳ ಯೋಗ್ಯವಾದುದು. ರಕ್ತದೊಡನೆ ಮಿದುಳಿಗೆ ಬಂದ ಮರಿಹುಳು ನೀರುಗುಳ್ಳೆಯಂತಹ ಕೋಶವಾಗಿ ನೆಲಸಿ, ನಮ್ಮ ದೇಹದ ಪ್ರೋಟೀನುಗಳನ್ನೇ ಮೈಮೇಲೆ ಹೊದ್ದು, ಉರಿಯೂತವನ್ನು ಅಡಗಿಸುವ ದ್ರವ್ಯಗಳನ್ನು ಸ್ರವಿಸುತ್ತ, ಜೀವವಿರುವ ತನಕ ವರ್ಷಗಟ್ಟಲೆ ಮರೆಯಲ್ಲಿ ಇರಬಲ್ಲದು. ಅದು ಕ್ಷೀಣಿಸತೊಡಗಿದೊಡನೆ ಆ ಮರೆ ಹರಿದು ಒಳಗಿನ ದ್ರವ ಸೋರುತ್ತದೆ. ಆಗ ಶತ್ರುವನ್ನು ಗುರುತಿಸಿದ ಬಿಳಿ ರಕ್ತಕಣಗಳು ಅದನ್ನು ಮುತ್ತಿ, ಕೊಲ್ಲುವ ಭರದಲ್ಲಿ ಸುತ್ತಲಿನ ಮಿದುಳನ್ನೂ ಊದಿಸುತ್ತವೆ. ಕೈ ಊದಿಕೊಂಡರೆ ಚರ್ಮ ಹಿಗ್ಗೀತು, ತಲೆಬುರುಡೆ ಹಿಗ್ಗದು. ಫಿಟ್ಸ್ ಬಹುಮಟ್ಟಿಗೆ ಈ ಕಾದಾಟದ ಫಲ. ಹುಳುವನ್ನು ಕೊಲ್ಲುವ ಆಲ್ಬೆಂಡಜೋಲ್ ಈ ಊತವನ್ನು ಇನ್ನಷ್ಟು ಕೆರಳಿಸಬಹುದಾದ್ದರಿಂದಲೇ ಜೊತೆಯಲ್ಲಿ ಸ್ಟಿರಾಯ್ಡ್ ಕೊಡುತ್ತಾರೆ; ಕಣ್ಣಿನಲ್ಲಿಯೂ ಕೋಶವಿದ್ದರೆ ಇದೇ ಉರಿಯೂತ ದೃಷ್ಟಿಯನ್ನು ಕಸಿದುಕೊಂಡೀತೆಂದು ಮೊದಲು ಕಣ್ಣಿನ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಸುಣ್ಣಗಟ್ಟಿ ಸತ್ತುಹೋದ ಗಂಟಿಗೆ ಹುಳುವಿನ ಮಾತ್ರೆ ಅನಾವಶ್ಯಕ.

ಇಂತಹ ಒಂಟಿ ಸಣ್ಣ ಗಂಟುಗಳನ್ನು ಕ್ಷಯದ ಗಂಟುಗಳೆಂದೇ ಬಗೆದು, ತಿಂಗಳುಗಟ್ಟಲೆ ಕ್ಷಯದ ಮದ್ದನ್ನು ಕೊಡುತ್ತಿದ್ದ ಕಾಲವೊಂದಿತ್ತು. ನಂಗಲಿಯ ಗಡಿ ದಾಟಿ ನಿಮ್ಮ ಕಡೆಯ ಜನರೂ ಹೋಗುವ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಚಾಂಡಿ, ರಾಜಶೇಖರ್ ಮೊದಲಾದ ವೈದ್ಯರು, ಶಸ್ತ್ರಕ್ರಿಯೆಯಿಂದ ತೆಗೆದ ಗಂಟುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಲಾಡಿಹುಳುವಿನವೆಂದು 1989ರಲ್ಲಿ ತೋರಿಸಿಕೊಟ್ಟರು. ಎಷ್ಟೋ ಮಕ್ಕಳು ಬೇಡದ ಔಷಧದಿಂದ ಪಾರಾದುದು ಆ ಶ್ರಮದಿಂದ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದನ್ನು ಬಿಟ್ಟು, ಹುಡುಗನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ; ಬಾಯಿಗೆ ಏನನ್ನೂ ತುರುಕಬೇಡಿರಿ; ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಗಂಟು ಕರಗಿತೆಂದು ಫಿಟ್ಸಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು. ಮನೆಮಂದಿಯೂ, ನಿಮಗೆ ಅಡುಗೆ ಮಾಡಿಕೊಡುವವರಿದ್ದರೆ ಅವರೂ ಒಮ್ಮೆ ಮಲಪರೀಕ್ಷೆ ಮಾಡಿಸಿಕೊಳ್ಳಲಿ. ಹುಳುವನ್ನು ಹೊತ್ತವರು ಸಿಕ್ಕಿದರೆ ಅವರಿಗೆ ಬೇಕಾದ ಚಿಕಿತ್ಸೆ ಸುಲಭವಾದುದು.