ಕ್ಯಾಮೆರಾದ ಬೆಲೆಯಲ್ಲ, ಕ್ಯಾಸೆಟ್ಟಿನ ಲೆಕ್ಕ

ಹಳೆಯ ಸಾಮಾನು ಕೆಟ್ಟರೆ ಮನೆಯಲ್ಲಿ ಮೊದಲು ಬರುವ ಮಾತು, "ಅದನ್ನ ಎಷ್ಟು ಕೊಟ್ಟು ತಗೊಂಡಿದ್ವಿ?" ನಮ್ಮ ಮಿನಿ ಡಿವಿ ಕ್ಯಾಮ್‌ಕಾರ್ಡರಿಗೆ 2004ರಲ್ಲಿ 28,000 ರೂಪಾಯಿ ಕೊಟ್ಟಿದ್ದೆವು. ಆ ದುಡ್ಡು ಅಂದೇ ಮುಗಿಯಿತು. ರಿಪೇರಿ ಮಾಡಿಸಿದರೆ ವಾಪಸ್ ಬರುವುದಿಲ್ಲ, ಗುಜರಿಗೆ ಹಾಕಿದರೆ ಮತ್ತೆ ಹೋಗುವುದೂ ಇಲ್ಲ. ಈಗ ಇದರಿಂದ ಆಗಬೇಕಾದ ಕೆಲಸ ಏನು ಎಂದಷ್ಟೇ ಕೇಳಿಕೊಳ್ಳಬೇಕು.

ಹೊಸದಾಗಿ ವಿಡಿಯೋ ತೆಗೆಯುವುದಕ್ಕಾದರೆ ರಿಪೇರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಆ ಕ್ಯಾಮೆರಾದ ಚಿತ್ರ 720ಕ್ಕೆ 576 ಚುಕ್ಕಿ. ಇಂದಿನ ಸಾಧಾರಣ ಫೋನ್ ಕೂಡ 1920ಕ್ಕೆ 1080 ತೆಗೆಯುತ್ತದೆ. ಆದರೆ ನಮ್ಮ ಬೀರುವಿನಲ್ಲಿ 24 ಕ್ಯಾಸೆಟ್ ಇದ್ದವು. ತಂಗಿಯ ಧಾರೆ, ಹಸೆಗೆ ಕರೆಯುವಾಗ ಅಜ್ಜಿ ಹಾಡಿದ್ದು, ಅಪ್ಪ ಅಡಿಕೆ ಕೊಯ್ಲಿನ ಹೊತ್ತಿಗೆ ತೋಟದಲ್ಲಿ ನಿಂತು ಮಾತಾಡಿದ್ದು. ಇವತ್ತು ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಆ ಕ್ಯಾಸೆಟ್ಟುಗಳನ್ನು ಓಡಿಸುವ ಬೇರೆ ಯಂತ್ರ ನಮ್ಮಲ್ಲಿಲ್ಲ.

ಹಾಗಾಗಿ ಎಷ್ಟು ಖರ್ಚು ಎನ್ನುವ ಮೊದಲು ಕೆಟ್ಟಿದ್ದು ಯಾವುದು ಎಂದು ನೋಡಬೇಕು. ಲೆನ್ಸ್, ಸೆನ್ಸರ್ ಅಥವಾ ಪುಟ್ಟ ಪರದೆ ಹೋಗಿದ್ದರೂ ಕ್ಯಾಸೆಟ್ ಓಡುವುದಕ್ಕೆ ತೊಂದರೆಯಿಲ್ಲ, ಟಿ.ವಿ.ಗೆ ವೈರ್ ಹಾಕಿ ನೋಡಿ, ಅಂಥ ರಿಪೇರಿ ಬೇಡವೇ ಬೇಡ. ಚಿತ್ರ ಚೌಕ ಚೌಕವಾಗಿ ಒಡೆದು ಬರುತ್ತಿದ್ದರೆ ಟೇಪ್ ಓದುವ ಹೆಡ್‌ಗೆ ಕೊಳೆ ಕೂತಿರಬಹುದು. ಕ್ಲೀನಿಂಗ್ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡು ಓಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಮಾತ್ರ ಯಾವ ಯಂತ್ರಕ್ಕೂ ಹಾಕಬೇಡಿ, ಹೆಡ್ ಕೂಡ ಹಾಳಾಗುತ್ತದೆ.

ನಮ್ಮದು ಕ್ಯಾಸೆಟ್ಟನ್ನು ಒಳಗೇ ಎಳೆದುಕೊಳ್ಳುತ್ತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು ಬಿಚ್ಚಿ ನೋಡಿ, "ಮೆಕ್ಯಾನಿಸಂ ಹೋಗಿದೆ ಮೇಡಂ, 4,500 ಆಗುತ್ತೆ. ಈ ದುಡ್ಡಿಗೆ ಕ್ಯಾಮೆರಾನೇ ಬಾಳಲ್ಲ" ಅಂದರು. ಮಾರುವ ಬೆಲೆ ನೋಡಿದರೆ ಅವರ ಮಾತು ಸರಿಯೇ. ನಾನು ಹೋಲಿಸಿದ್ದು ಬೇರೆ ಎರಡರ ಜೊತೆ. ಸ್ಟುಡಿಯೋದವರು ಕ್ಯಾಸೆಟ್ಟಿಗೆ 350ರಂತೆ ನಕಲು ಮಾಡಿಕೊಡುತ್ತಾರೆ, ಒಟ್ಟು 8,400. ಅಂಥದೇ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಕ್ಕೆ 7,000, ಗ್ಯಾರಂಟಿ ಇಲ್ಲ. ಐದೋ ಆರೋ ಕ್ಯಾಸೆಟ್ ಇದ್ದಿದ್ದರೆ ಕಣ್ಣುಮುಚ್ಚಿ ಸ್ಟುಡಿಯೋಗೇ ಕೊಡುತ್ತಿದ್ದೆ.

ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಮ್ಮ ಎಷ್ಟೋ ಕ್ಯಾಸೆಟ್ಟುಗಳು ಎಲ್‌ಪಿ ವೇಗದಲ್ಲಿ ಮುದ್ರಣವಾಗಿದ್ದವು. 60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ಹಿಡಿಸುವ ಈ ವಿಧಾನದಲ್ಲಿ ಟೇಪಿನ ಮೇಲಿನ ಗೆರೆಗಳು ತೀರಾ ಕಿರಿದಾಗುತ್ತವೆ. ಬರೆದ ಯಂತ್ರ ಅವನ್ನು ಚೆನ್ನಾಗಿ ಓದುತ್ತದೆ. ಬೇರೆ ಯಂತ್ರ ತಡವರಿಸಬಹುದು. ಅಜ್ಜಿಯ ಹಾಡಿನ ವಿಷಯದಲ್ಲಿ ಅಷ್ಟು ಅಪಾಯಕ್ಕೂ ನಾನು ತಯಾರಿರಲಿಲ್ಲ. ರಿಪೇರಿಗೇ ಕೊಟ್ಟೆ.

ಕೊಡುವಾಗ ಮೂರು ಮಾತು ಚೀಟಿಯಲ್ಲೇ ಬರೆಸಿದೆ: 5,000 ದಾಟುವುದಾದರೆ ಕೇಳದೆ ಕೈಹಾಕಬಾರದು, ತೆಗೆದ ಹಳೆಯ ಭಾಗ ವಾಪಸ್ ಕೊಡಬೇಕು, ಬೇಡದ ಕ್ಯಾಸೆಟ್ ಹಾಕಿಯೇ ಪರೀಕ್ಷೆ ಮಾಡಬೇಕು. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ರಿಪೇರಿಯ ಜೊತೆಗೆ ನಕಲಿನ ಖರ್ಚನ್ನೂ ಸೇರಿಸಿಕೊಳ್ಳಿ. ಡಿವಿ ವಿಡಿಯೋ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ನಮ್ಮ ಅಷ್ಟೂ ಕ್ಯಾಸೆಟ್ಟಿಗೆ ಒಂದು ಟೆರಾಬೈಟ್ ಡಿಸ್ಕ್ ಸಾಕಾಯಿತು. ಎರಡು ಕೊಳ್ಳಿ, ಒಂದು ತಂಗಿಯ ಮನೆಯಲ್ಲಿರಲಿ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸಲು ಬೇಕಾದ ಫೈರ್‌ವೈರ್ ಕಿಂಡಿ ಈಗಿನ ಲ್ಯಾಪ್‌ಟಾಪುಗಳಲ್ಲಿಲ್ಲ, ಹಳೆಯ ಕಂಪ್ಯೂಟರ್ ಎರವಲು ಬೇಕಾದೀತು. ರಿಪೇರಿಯಾಗಿ ಬಂದ ವಾರವೇ ನಕಲು ಶುರುಮಾಡಿ, ಏಕೆಂದರೆ ಇಷ್ಟು ಹಳೆಯ ಯಂತ್ರ ಇನ್ನೆಷ್ಟು ದಿನ ಓಡೀತೆಂದು ಯಾರೂ ಹೇಳಲಾರರು. ಎರಡೂ ಡಿಸ್ಕಿನ ನಕಲು ತೆರೆದು ನೋಡಿಯಾದ ಮೇಲೆ ಇದೇ ಕ್ಯಾಮೆರಾ ಮತ್ತೆ ಕೆಟ್ಟರೆ ನಾನಂತೂ ರಿಪೇರಿಗೆ ಒಯ್ಯುವುದಿಲ್ಲ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುತ್ತೇನೆ.